ಕಾವೇರಿ ಕಣಿವೆಗೆ ಸೈಕಲ್: ಇಳಿಯುವ ಮೊದಲು ಹತ್ತುವ ಲೆಕ್ಕ

ಓದುಗರ ಪ್ರಶ್ನೆ: "ಸರ್, ನಾನು ಜೆ.ಪಿ. ನಗರದವನು. ವಯಸ್ಸು 43, ತೂಕ 72 ಕೆ.ಜಿ. ಎರಡು ವರ್ಷದಿಂದ ಭಾನುವಾರ ಕನಕಪುರ ರಸ್ತೆಯಲ್ಲಿ 50–60 ಕಿ.ಮೀ. ಸೈಕಲ್ ತುಳಿಯುತ್ತೇನೆ. ನನ್ನದು ಹೈಬ್ರಿಡ್, 32 ಮಿ.ಮೀ. ಟೈರ್. ನಾವು ಮೂವರು ಗೆಳೆಯರು ಎರಡು ದಿನದ ಗ್ರಾವೆಲ್ (ಗರಸು ದಾರಿಯ) ರೈಡ್ ಮಾಡಬೇಕು ಅಂತಿದ್ದೇವೆ. ಮನೆಯಿಂದ ಹೊರಟು, ಅರ್ಕಾವತಿ ಕಾವೇರಿಗೆ ಸೇರುವ ಸಂಗಮ, ಮೇಕೆದಾಟು ನೋಡಿಕೊಂಡು, ಅಲ್ಲಿಂದ ಕಾವೇರಿ ದಡದಲ್ಲೇ ಮುತ್ತತ್ತಿ, ಭೀಮೇಶ್ವರಿ ಮೇಲೆ ಶಿವನಸಮುದ್ರ ಸೇರುವುದು. ಮೊಬೈಲ್ ಮ್ಯಾಪಿನಲ್ಲಿ ಹೊಳೆ ಪಕ್ಕ ಚುಕ್ಕೆ ಗೆರೆಯ ದಾರಿ ಕಾಣುತ್ತದೆ. ಒಬ್ಬ ಗೆಳೆಯ ಗ್ರಾವೆಲ್ ಬೈಕ್ ಇಲ್ಲದಿದ್ದರೆ ಆಗುವುದಿಲ್ಲ, ಒಂದೂವರೆ ಲಕ್ಷ ಹಾಕು ಅಂತಾನೆ. ಇನ್ನೊಬ್ಬ ಸೈಕಲ್ಲಿನವರನ್ನು ಫಾರೆಸ್ಟಿನವರು ಏನೂ ಕೇಳಲ್ಲ, ಆನೆ ಬರೋದು ರಾತ್ರಿ ಮಾತ್ರ ಅಂತಾನೆ. ಹೋದ ತಿಂಗಳು ಹಾರೋಹಳ್ಳಿ ಹತ್ತಿರ ಮಣ್ಣಿನ ಇಳಿಜಾರಿನಲ್ಲಿ ಜಾರಿ ಬಿದ್ದೆ. ಮೊಣಕೈ ತರಚಿತು, ಅಷ್ಟೇ. ಆದರೆ ಆಮೇಲಿಂದ ಭಯ. ಮನೆಯಲ್ಲೂ ಬೇಡ ಅಂತಿದ್ದಾರೆ. ಹೋಗಬಹುದಾ?"

ಉತ್ತರ:

ಹೋಗಬಹುದು. ಆದರೆ ನೀವು ಬರೆದಿರುವ ದಾರಿಯಲ್ಲಿ ಅಲ್ಲ.

ನಿಮಗೆ ಸೈಕಲ್ ಬಗ್ಗೆ ಅನುಮಾನ ಇದೆ, ಆನೆಯ ಭಯ ಇದೆ, ಬಿದ್ದ ನೆನಪು ಇನ್ನೂ ಹಸಿಯಾಗಿದೆ. ಒಂದೊಂದಕ್ಕೂ ಉತ್ತರ ಹೇಳುತ್ತೇನೆ. ಅದಕ್ಕೂ ಮೊದಲು ನೀವು ಕೇಳದೇ ಬಿಟ್ಟಿರುವ ಒಂದು ವಿಷಯ ಹೇಳಬೇಕು. ಹದಿನೈದು ವರ್ಷದಿಂದ ಆ ಕಡೆ ಜನರನ್ನು ಸೈಕಲ್ ಮೇಲೆ ಕರೆದುಕೊಂಡು ಹೋಗುತ್ತಿದ್ದೇನೆ. ತೊಂದರೆಗೆ ಸಿಕ್ಕಿದವರಲ್ಲಿ ಹೆಚ್ಚಿನವರು ಇಳಿಯುವಾಗ ಸಿಕ್ಕಿದವರಲ್ಲ. ವಾಪಸ್ ಹತ್ತುವಾಗ ಸಿಕ್ಕಿದವರು.

ಬೆಂಗಳೂರು ಇರುವುದು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲೆ. ಕನಕಪುರ ಸುಮಾರು 640. ಸಂಗಮದಲ್ಲಿ ಹೊಳೆ ಹರಿಯುವುದು 400 ಮೀಟರಿಗೂ ಕೆಳಗೆ. ಬೆಟ್ಟಕ್ಕೆ ಹೋದರೆ ಬೆಳಗಿನ ತಂಪಿನಲ್ಲಿ, ಕಾಲಲ್ಲಿ ಕಸುವಿರುವಾಗಲೇ ಹತ್ತಿಬಿಡುತ್ತೇವೆ. ನಂದಿಬೆಟ್ಟದಲ್ಲಿ ಸುಸ್ತಾದರೆ ಹಿಂದಕ್ಕೆ ತಿರುಗಿದರೆ ಸಾಕು, ಇಳಿಜಾರು ಮನೆ ಕಡೆಗೆ ತಳ್ಳುತ್ತದೆ. ಕಣಿವೆ ಇದಕ್ಕೆ ಉಲ್ಟಾ. ಬೆಳಿಗ್ಗೆ ತಣ್ಣನೆ ಗಾಳಿಯಲ್ಲಿ ಸುಮ್ನೆ ಇಳಿದುಬಿಡುತ್ತೀರಿ. ಹತ್ತುವ ಕೆಲಸವೆಲ್ಲ ಮಧ್ಯಾಹ್ನಕ್ಕೆ, ಖಾಲಿ ಬಾಟಲಿಗೆ, ದಣಿದ ಕಾಲಿಗೆ ಉಳಿದಿರುತ್ತದೆ.

ಬಿಸಿಲಿನ ಲೆಕ್ಕವೂ ಬೇರೆ. 500 ಮೀಟರ್ ಕೆಳಗಿಳಿದರೆ ಗಾಳಿ ಮೂರು ಡಿಗ್ರಿಯಷ್ಟು ಜಾಸ್ತಿ ಬಿಸಿಯಾಗಿರುತ್ತದೆ. ಅದರ ಮೇಲೆ ಬಂಡೆಯ ಕಾವು. ಬೆಳಿಗ್ಗೆಯಿಂದ ಕಾದ ಕಲ್ಲು ಸಂಜೆಯವರೆಗೂ ಶಾಖ ಬಿಡುತ್ತಲೇ ಇರುತ್ತದೆ. ಒಂದು ಏಪ್ರಿಲಿನಲ್ಲಿ ಆರು ಜನರ ತಂಡ ಕರೆದುಕೊಂಡು ಸಂಗಮಕ್ಕೆ ಇಳಿದಿದ್ದೆ. ಅಲ್ಲಿ ಮೀನೂಟ ಮಾಡಿ, ನೆರಳಲ್ಲಿ ಕೂತು, ಹೊರಟಾಗ ಹನ್ನೆರಡೂವರೆ. ಮೊದಲ ಏರಿನಲ್ಲೇ ಒಬ್ಬರು ಬೆವರುವುದು ನಿಂತುಹೋಯಿತು. ಮಾತು ತೊದಲತೊಡಗಿತು. ನೆರಳಿಗೆ ಎಳೆದು ಮಲಗಿಸಿ, ಇದ್ದ ನೀರನ್ನೆಲ್ಲ ತಲೆಗೆ, ಕುತ್ತಿಗೆಗೆ, ಕಂಕುಳಿಗೆ ಸುರಿದೆವು. ಬಾಳೆಕಾಯಿ ಹೇರಿಕೊಂಡು ಹೋಗುತ್ತಿದ್ದ ಗೂಡ್ಸ್ ಟೆಂಪೋದವರು ಅವರನ್ನು ಕನಕಪುರದ ಆಸ್ಪತ್ರೆಗೆ ಮುಟ್ಟಿಸಿದರು. ಅವರು ಬದುಕಿದರು, ಈಗಲೂ ಸೈಕಲ್ ತುಳಿಯುತ್ತಾರೆ. ಹೊರಡುವ ಹೊತ್ತು ತಪ್ಪಿಸಿದ್ದು ನಾನು. ಅವತ್ತಿನಿಂದ ನನ್ನ ನಿಯಮ ಒಂದೇ: ಹತ್ತೂವರೆಗೆ ಏರು ಶುರುವಾಗಿರಬೇಕು. ಇಲ್ಲವೇ ಸಂಜೆ ವಾಹನದಲ್ಲಿ ಹತ್ತಬೇಕು. ಮಾರ್ಚಿನಿಂದ ಮೇವರೆಗೆ ಆ ಕಡೆ ರೈಡೇ ಇಲ್ಲ.

ಈಗ ಸೈಕಲ್ ವಿಷಯ. ಒಂದೂವರೆ ಲಕ್ಷ ಜೇಬಲ್ಲೇ ಇರಲಿ.

ಗ್ರಾವೆಲ್ ಬೈಕ್ ಒಳ್ಳೆಯ ಸೈಕಲ್, ಅನುಮಾನವೇ ಇಲ್ಲ. ರೇಸ್ ಸೈಕಲ್ಲಿನ ಹಾಗೆ ಬಾಗಿದ ಹ್ಯಾಂಡಲ್, 40 ಮಿ.ಮೀ. ಆಸುಪಾಸಿನ ದಪ್ಪ ಟೈರ್, ಡಿಸ್ಕ್ ಬ್ರೇಕ್, ನಿಧಾನಕ್ಕೆ ತಿರುಗುವ ಸ್ಥಿರವಾದ ಫ್ರೇಮ್. ದಿನವಿಡೀ ಗರಸು ರಸ್ತೆಯಲ್ಲಿ ಕೂತರೂ ಬೆನ್ನು ನೋಯುವುದು ಕಡಿಮೆ. ಆದರೆ ಏರಿನಲ್ಲಿ ನಿಮ್ಮನ್ನು ಕಾಪಾಡುವುದು ಸೈಕಲ್ಲಿನ ಹೆಸರಲ್ಲ, ಗೇರು. ನಿಮ್ಮ ಹೈಬ್ರಿಡ್‌ನಲ್ಲಿ ಮುಂದೆ, ಪೆಡಲ್ ಹತ್ತಿರ, ಚೈನ್ ಕೂರುವ ಮೂರು ಹಲ್ಲುಚಕ್ರ ಇದ್ದರೆ ಚಿಕ್ಕದರ ಹಲ್ಲು ಎಣಿಸಿ. 28 ಇದೆ, ಹಿಂದಿನ ದೊಡ್ಡದು 32 ಇದೆ ಅಂದುಕೊಳ್ಳಿ. ಪೆಡಲ್ ಒಂದು ಸುತ್ತು ತಿರುಗಿದರೆ ಗಾಲಿ ಒಂದು ಸುತ್ತಿಗಿಂತ ಕಡಿಮೆ ತಿರುಗುತ್ತದೆ, ಸುಮಾರು 0.88. ಮುಂದೆ 40, ಹಿಂದೆ 42 ಹಲ್ಲಿರುವ ಹೊಸ ಗ್ರಾವೆಲ್ ಬೈಕಿನಲ್ಲಿ ಅದು 0.95. ಅಂದರೆ ಕಡಿದಾದ ಏರಿನಲ್ಲಿ ನಿಮ್ಮ ಹಳೇ ಸೈಕಲ್ಲೇ ಹಗುರ. ಗೆಳೆಯರಿಗೆ ಈ ಲೆಕ್ಕ ತೋರಿಸಿ.

ಬದಲಾಯಿಸಬೇಕಾದದ್ದು ಟೈರ್. ನಿಮ್ಮ ಬಿದ್ದ ಕಥೆಯೂ ಅಲ್ಲಿಗೇ ಬಂದು ನಿಲ್ಲುತ್ತದೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ರಾಮನಗರ, ಕನಕಪುರ ಸೀಮೆಯ ನೆಲ ಗ್ರಾನೈಟ್ ಸವೆದು ಆದದ್ದು. ಕ್ಲೋಸ್‌ಪೇಟೆ ಗ್ರಾನೈಟ್ ಅಂತ ಭೂವಿಜ್ಞಾನಿಗಳು ಹೆಸರಿಟ್ಟಿದ್ದಾರೆ. ರಾಮನಗರದ ಹಳೇ ಹೆಸರೇ ಕ್ಲೋಸ್‌ಪೇಟೆ. ಸುಮಾರು 250 ಕೋಟಿ ವರ್ಷದ ಹಳೇ ಕಲ್ಲು. ಅದು ಮಳೆ ಬಿಸಿಲಿಗೆ ಬಿಟ್ಟುಕೊಂಡಾಗ ಪುಡಿ ಮಣ್ಣಾಗುವುದಿಲ್ಲ, ಕಾಳು ಕಾಳಾಗಿ ಉದುರುತ್ತದೆ. ಕೆಳಗೆ ಕಲ್ಲಿನ ಹಾಗೆ ಗಟ್ಟಿಯಾದ ನೆಲ, ಮೇಲೆ ಈ ಸಡಿಲ ಕಾಳು. ಸಿಮೆಂಟ್ ನೆಲದ ಮೇಲೆ ರಾಗಿ ಚೆಲ್ಲಿ, ಅದರ ಮೇಲೆ ನಡೆದು ನೋಡಿ. ನೀವು ಜಾರಿದ್ದು ಅಂಥ ನೆಲದ ಮೇಲೆ.

ನಿಮ್ಮ ಟೈರಿನ ಗಾಳಿ ಎಷ್ಟಿತ್ತು ಅಂತ ನೀವು ಬರೆದಿಲ್ಲ. ಆದರೆ ಟಾರ್ ರಸ್ತೆಯ ಅಭ್ಯಾಸ ಇರುವವರು 32ರ ಟೈರಿಗೆ 80 ಪಿಎಸ್‌ಐ ಒತ್ತಡದ ಗಾಳಿ ತುಂಬಿಸುವುದನ್ನು ದಿನಾ ನೋಡುತ್ತೇನೆ. ಗಾಳಿ ಜಾಸ್ತಿ ಇದ್ದರೆ ಸೈಕಲ್ ಜೋರಾಗಿ ಹೋಗುತ್ತದೆ ಎಂಬ ನಂಬಿಕೆ. ನುಣುಪಾದ ರಸ್ತೆಯಲ್ಲಿ ಅದು ಸ್ವಲ್ಪ ಮಟ್ಟಿಗೆ ನಿಜ. ಒರಟು ನೆಲದಲ್ಲಿ ನಿಜವಲ್ಲ. ಗಟ್ಟಿ ಟೈರು ಪ್ರತಿ ಕಲ್ಲಿಗೂ ಪುಟಿಯುತ್ತದೆ. ಪುಟಿದಷ್ಟೂ ನಿಮ್ಮ ಶಕ್ತಿ ಮೇಲೆ ಕೆಳಗೆ ಕುಲುಕುವುದಕ್ಕೇ ಹೋಗುತ್ತದೆ, ಮುಂದಕ್ಕಲ್ಲ. ಗಾಲಿ ಗಾಳಿಯಲ್ಲಿರುವಷ್ಟು ಹೊತ್ತು ಬ್ರೇಕಿಗೂ ಹಿಡಿತವಿಲ್ಲ. ಮೆತ್ತಗಿನ ಟೈರು ಕಲ್ಲನ್ನು ತನ್ನೊಳಗೆ ತೆಗೆದುಕೊಂಡು ನೆಲಕ್ಕೆ ಅಂಟಿಕೊಂಡು ಹೋಗುತ್ತದೆ.

ನಿಮ್ಮ ತೂಕಕ್ಕೆ 32ರ ಟೈರಿನಲ್ಲಿ ಮುಂದೆ 50, ಹಿಂದೆ 55 ಇಟ್ಟು ನೋಡಿ. ಇದಕ್ಕಿಂತ ಇಳಿಸಿದರೆ ಕಲ್ಲಿಗೆ ಹೊಡೆದು ಟ್ಯೂಬ್ ರಿಮ್ಮಿನ ನಡುವೆ ಸಿಕ್ಕಿ, ಅಕ್ಕಪಕ್ಕ ಎರಡು ತೂತು ಬೀಳುತ್ತದೆ. ಸಾಧ್ಯವಾದರೆ 38ರ ಟೈರು ಹಾಕಿಸಿ, ಆಗ 40ರ ಆಸುಪಾಸಿಗೆ ಇಳಿಸಬಹುದು. ಕೊಳ್ಳುವ ಮೊದಲು ಫ್ರೇಮ್ ಮತ್ತು ಫೋರ್ಕಿನಲ್ಲಿ ಜಾಗ ಇದೆಯಾ ನೋಡಿಸಿ. ಟೈರಿನ ಎರಡೂ ಪಕ್ಕ ಕನಿಷ್ಠ 4 ಮಿ.ಮೀ. ಬೇಕು. ಇಲ್ಲವಾದರೆ ಕೆಸರು ಮೆತ್ತಿಕೊಂಡಾಗ ಗಾಲಿಯೇ ತಿರುಗುವುದಿಲ್ಲ.

ಬ್ರೇಕ್ ವಿಷಯವೂ ಇದೆ. ಸಡಿಲ ನೆಲದ ತಿರುವಿನಲ್ಲಿ ಟೈರಿಗೆ ಎರಡು ಕೆಲಸ ಕೊಡಬಾರದು. ತಿರುಗು, ನಿಲ್ಲು ಎರಡನ್ನೂ ಒಟ್ಟಿಗೆ ಹೇಳಿದರೆ ಅದು ಕೈ ಬಿಡುತ್ತದೆ. ತಿರುವಿಗೆ ಮೊದಲೇ, ಸೈಕಲ್ ನೇರ ಇರುವಾಗ ವೇಗ ಇಳಿಸಿ. ತಿರುವಿನಲ್ಲಿ ಬೆರಳು ಬ್ರೇಕಿನ ಮೇಲೆ ಇರಲಿ, ಒತ್ತಬೇಡಿ. ಸೀಟಿನಿಂದ ಅರ್ಧ ಎದ್ದು, ಎರಡೂ ಪೆಡಲ್ ಸಮವಾಗಿಟ್ಟು, ಮೊಣಕೈ ಮಡಿಸಿ. ಕಣ್ಣು ಮುಂದಿನ ಗಾಲಿಯ ಮೇಲಲ್ಲ, ಹತ್ತು ಹನ್ನೆರಡು ಮೀಟರ್ ಮುಂದೆ. ಬಿದ್ದ ಜಾಗಕ್ಕೇ ಮತ್ತೆ ಹೋಗಿ. ಗಾಳಿ ಇಳಿಸಿಕೊಂಡು, ನಡಿಗೆಯ ವೇಗದಲ್ಲಿ ಹತ್ತು ಸಲ ಇಳಿಯಿರಿ. ಭಯ ಹೋಗುವುದು ಮಾತಿನಿಂದಲ್ಲ, ಹಾಗೆ.

ಪಂಚರ್ ಬಗ್ಗೆ ಎರಡೇ ಮಾತು. ಆ ಸೀಮೆಯಲ್ಲಿ ಹೊಲಕ್ಕೆ ಜಾಲಿ ಮುಳ್ಳಿನ ಬೇಲಿ ಹಾಕುತ್ತಾರೆ, ಮುಳ್ಳು ದಾರಿಗೆ ಉದುರಿರುತ್ತದೆ. ಒಬ್ಬೊಬ್ಬರೂ ಎರಡು ಟ್ಯೂಬ್ ಇಟ್ಟುಕೊಳ್ಳಿ. ಟ್ಯೂಬ್ ಬದಲಿಸುವ ಮೊದಲು ಟೈರಿನ ಒಳಗೆ ಬಟ್ಟೆ ಓಡಿಸಿ ಮುಳ್ಳಿನ ತುದಿ ಹುಡುಕಿ ತೆಗೆಯಿರಿ. ಇಲ್ಲದಿದ್ದರೆ ಹೊಸ ಟ್ಯೂಬೂ ಹೋಯಿತು ಅಂತಲೇ ಲೆಕ್ಕ.

ಈಗ ಆ ಚುಕ್ಕೆ ಗೆರೆ. ದಯವಿಟ್ಟು ಅದನ್ನು ಮರೆತುಬಿಡಿ.

ಮ್ಯಾಪಿನಲ್ಲಿ ಗೆರೆ ಇದ್ದ ಮಾತ್ರಕ್ಕೆ ಅದು ನಮಗೆ ಬಿಟ್ಟ ದಾರಿ ಆಗುವುದಿಲ್ಲ. ಇಂಥ ಎಷ್ಟೋ ಗೆರೆಗಳನ್ನು ಆಸಕ್ತರು ಉಪಗ್ರಹದ ಚಿತ್ರ ನೋಡಿ ಎಳೆದಿರುತ್ತಾರೆ. ಗಸ್ತಿನವರು ನಡೆದ ಜಾಡು ಇರಬಹುದು, ದನ ಮೇಯಿಸುವವರದು ಇರಬಹುದು, ಆನೆಯದೇ ಇರಬಹುದು. ಸಂಗಮದಿಂದ ಮುತ್ತತ್ತಿವರೆಗಿನ ಆ ದಡ ಕಾವೇರಿ ವನ್ಯಜೀವಿ ಧಾಮದ ಒಳಗಿದೆ. ಅದು 1987ರಲ್ಲೇ ಧಾಮವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಮಿನ ಪ್ರಕಾರ ಅನುಮತಿ ಇಲ್ಲದೆ ಧಾಮದೊಳಗೆ ಹೋಗುವ ಹಾಗಿಲ್ಲ. ಒಳಗೆ ಹಾದುಹೋಗುವ ಸಾರ್ವಜನಿಕ ಹೆದ್ದಾರಿಯಲ್ಲಿ ಸಾಗುವವರಿಗೆ ವಿನಾಯಿತಿ ಇದೆ. ಹೊಳೆ ದಡದ ಜಾಡು ಹೆದ್ದಾರಿ ಅಲ್ಲ. ಕಾಯ್ದೆಯಲ್ಲಿ ಸೈಕಲ್ಲಿಗೆ ಬೇರೆ ರಿಯಾಯಿತಿ ಏನೂ ಇಲ್ಲ. ನಿಮ್ಮ ಗೆಳೆಯರನ್ನು ಯಾರೂ ಕೇಳಿಲ್ಲ ಅಂದರೆ ಅವತ್ತು ಯಾರೂ ನೋಡಿಲ್ಲ ಅಂತಷ್ಟೇ ಅರ್ಥ.

ಕಾನೂನು ಬದಿಗಿಟ್ಟರೂ ನಾನು ಆ ದಡಕ್ಕೆ ಕರೆದುಕೊಂಡು ಹೋಗುವುದಿಲ್ಲ. ಮೊಬೈಲ್ ಸಿಗ್ನಲ್ ಇಲ್ಲದ ಉದ್ದುದ್ದ ಜಾಗ. ಕಾಲು ಮುರಿದರೆ ಗಾಡಿ ಬರುವ ದಾರಿಯಿಲ್ಲ. ನೀರಿನಲ್ಲಿ ಮೊಸಳೆ ಇದೆ. ಮತ್ತೆ ಆನೆ.

ಆನೆ ರಾತ್ರಿ ಮಾತ್ರ ಬರುತ್ತದೆ ಎಂಬುದು ಊರಿನ ಹೊಲದ ಮಟ್ಟಿಗೆ ಬಹುಪಾಲು ಸರಿ. ರಾಗಿ ತೆನೆ ಕಟ್ಟಿದಾಗ ಕತ್ತಲಾದ ಮೇಲೆ ಹೊಲಕ್ಕೆ ಇಳಿಯುತ್ತವೆ, ಬೆಳಕು ಹರಿಯುವಾಗ ಕಾಡಿಗೆ ವಾಪಸಾಗುತ್ತವೆ. ಆದರೆ ಕಾಡಿನೊಳಗೆ ಅವಕ್ಕೆ ಹಗಲು ರಾತ್ರಿ ಎಂಬ ಭೇದವಿಲ್ಲ. ಬೇಸಿಗೆಯಲ್ಲಿ ಹಗಲಿಗೇ ಹೊಳೆಗೆ ಬರುತ್ತವೆ. ಬನ್ನೇರುಘಟ್ಟದಿಂದ ಕನಕಪುರದ ಕಾಡಿನ ಮೂಲಕ ಕಾವೇರಿವರೆಗೆ ಅವುಗಳ ಓಡಾಟ ಇದ್ದೇ ಇದೆ. ಹಾಗಾಗಿ ನಿಮ್ಮ ಭಾನುವಾರದ ಕನಕಪುರ ರಸ್ತೆಯ ಅಕ್ಕಪಕ್ಕವೂ ಇದಕ್ಕೆ ಹೊರತಲ್ಲ.

ಸೈಕಲ್ಲಿಗೆ ಸದ್ದಿಲ್ಲ, ಅದೇ ಅಪಾಯ. ಕಾರು ಬಂದರೆ ಆನೆಗೆ ದೂರದಲ್ಲೇ ಗೊತ್ತಾಗುತ್ತದೆ. ನಾವು ತಿರುವಿನಲ್ಲಿ ದಿಢೀರನೆ ಎದುರಾಗುತ್ತೇವೆ. ಬೆಚ್ಚಿದ ಆನೆ ಗಂಟೆಗೆ 20 ಕಿ.ಮೀ.ಗೂ ಮಿಕ್ಕಿ ಓಡಬಲ್ಲದು. ಗರಸಿನ ಏರಿನಲ್ಲಿ ನಮ್ಮ ವೇಗ ಎಂಟು. ಕಾಡು ಪಕ್ಕದ ರಸ್ತೆಯಲ್ಲಿ ಮಾತಾಡುತ್ತಾ ಹೋಗಿ, ಬೆಲ್ ಮಾಡುತ್ತಾ ಹೋಗಿ, ಮೂವರೂ ಒಟ್ಟಿಗಿರಿ. ಬೆಳಿಗ್ಗೆ ಏಳಕ್ಕೆ ಮೊದಲು, ಸಂಜೆ ಐದರ ಮೇಲೆ ಅಲ್ಲಿ ಇರಲೇಬೇಡಿ. ಹಸಿ ಲದ್ದಿ, ಆಗಷ್ಟೇ ಮುರಿದ ಬಿದಿರು ಕಂಡರೆ ನಿಂತು ಹಿಂದೆ ತಿರುಗಿ. ಫೋಟೋಗೆ ಅಂತ ಒಂದು ಹೆಜ್ಜೆಯೂ ಮುಂದೆ ಹೋಗಬೇಡಿ. ಚೆಕ್‌ಪೋಸ್ಟಿನ ವಾಚರ್‌ನ ಹತ್ತಿರ "ಅಣ್ಣಾ, ನಿನ್ನೆ ಆನೆ ಯಾವ ಕಡೆ ಇತ್ತು?" ಅಂತ ಕೇಳಿ. ಯಾವ ಆ್ಯಪಿಗೂ ಗೊತ್ತಿಲ್ಲದ್ದು ಅವರಿಗೆ ಗೊತ್ತಿರುತ್ತದೆ. ಅವರು ಇವತ್ತು ಬೇಡ ಅಂದರೆ ವಾದ ಮಾಡಬೇಡಿ.

ನಿಜ ಹೇಳಬೇಕೆಂದರೆ ಆನೆಗಿಂತ ನನಗೆ ಹೆಚ್ಚು ಭಯ ಹೊಳೆಯದು. ಮೇಕೆದಾಟುವಿನಲ್ಲಿ, ಮುತ್ತತ್ತಿಯಲ್ಲಿ ನೀರಿಗಿಳಿದು ಜೀವ ಕಳೆದುಕೊಂಡವರು ತುಂಬಾ ಜನ, ಅದರಲ್ಲೂ ಈಜು ಬಲ್ಲ ಹುಡುಗರು. ಮೇಲೆ ಶಾಂತವಾಗಿ ಕಾಣುವ ನೀರಿನ ಕೆಳಗೆ ಬಂಡೆಯಲ್ಲಿ ಕೊರೆದ ಗುಂಡಿಗಳಿವೆ, ಸುಳಿ ಇದೆ. ಇನ್ನೊಂದು ವಿಷಯ ಬೆಂಗಳೂರಿನವರಿಗೆ ಹೊಳೆಯುವುದೇ ಇಲ್ಲ. ನಮ್ಮ ತಲೆ ಮೇಲೆ ಆಕಾಶ ತಿಳಿಯಾಗಿರುತ್ತದೆ, ಆದರೆ ಮಳೆ ಬಿದ್ದಿರುವುದು ಕೊಡಗಿನಲ್ಲಿ, ವಯನಾಡಿನಲ್ಲಿ. ಕೆ.ಆರ್.ಎಸ್.ನಿಂದ, ಕಬಿನಿಯಿಂದ ಬಿಟ್ಟ ನೀರು ಆಮೇಲೆ ಇಲ್ಲಿಗೆ ಬಂದು ಮಟ್ಟ ಏರುತ್ತದೆ. ಕೆ.ಆರ್.ಎಸ್. ಪೂರ್ಣ ಮಟ್ಟ 124.80 ಅಡಿ. ಅದು ತುಂಬುವ ಹತ್ತಿರ ಇದ್ದರೆ ಕಣಿವೆಗೆ ಇಳಿಯುವ ಯೋಚನೆ ಬಿಡಿ. ಬೆಳಿಗ್ಗೆ ಪೇಪರಿನಲ್ಲಿ ಬರುವ ಹೊರಹರಿವಿನ ಅಂಕಿ ನೋಡದೆ ನಾನು ಹೊರಡುವುದಿಲ್ಲ. ಸಂಗಮದಲ್ಲಿ ಅರ್ಕಾವತಿ ದಾಟಿ ಮೇಕೆದಾಟಿಗೆ ಸುಮಾರು 4 ಕಿ.ಮೀ. ಹೋಗಬೇಕು. ನೀರು ಜಾಸ್ತಿ ಇದ್ದಾಗ ತೆಪ್ಪ ನಿಲ್ಲಿಸುತ್ತಾರೆ, ಆಗ ಈಚೆ ದಡದಿಂದಲೇ ವಾಪಸ್. ಮೇಕೆದಾಟಿನ ಬಂಡೆ ನೀರು ಉಜ್ಜಿ ಉಜ್ಜಿ ಗಾಜಿನಂತಾಗಿದೆ. ಅಡಿಯಲ್ಲಿ ಕ್ಲೀಟ್ (ಪೆಡಲಿಗೆ ಸಿಕ್ಕಿಸುವ ಗಟ್ಟಿ ಕೊಂಡಿ) ಇರುವ ಸೈಕಲ್ ಶೂ ಹಾಕಿಕೊಂಡು ಅದರ ಮೇಲೆ ನಡೆಯಬೇಡಿ. ರಬ್ಬರ್ ಅಡಿಯ ಚಪ್ಪಲಿ ಬ್ಯಾಗಿನಲ್ಲಿರಲಿ.

ಹಾಗಾದರೆ ಎಲ್ಲಿಗೆ ಹೋಗಬೇಕು?

ನಾನು ನಿಮ್ಮ ಜಾಗದಲ್ಲಿದ್ದರೆ ನವೆಂಬರ್ ಕೊನೆಯಿಂದ ಫೆಬ್ರುವರಿ ನಡುವೆ ಹೀಗೆ ಮಾಡುತ್ತಿದ್ದೆ. ಮನೆಯಿಂದಲೇ ತುಳಿಯಬೇಕು ಎಂಬ ಹಟ ಬಿಟ್ಟು ಸೈಕಲ್‌ಗಳನ್ನು ಗಾಡಿಯಲ್ಲಿ ಕನಕಪುರಕ್ಕೆ ಒಯ್ಯುತ್ತಿದ್ದೆ. ಲಾರಿಗಳ ನಡುವಿನ ಆ 50 ಕಿ.ಮೀ.ನಲ್ಲಿ ಕಲಿಯುವುದು ಏನೂ ಇಲ್ಲ, ಕಾಲಿನ ಶಕ್ತಿ ಮಾತ್ರ ಖಾಲಿ. ಕನಕಪುರದಿಂದ ದೊಡ್ಡಆಲಹಳ್ಳಿ ಮೇಲೆ ಸಂಗಮಕ್ಕೆ ಸುಮಾರು 35–40 ಕಿ.ಮೀ. ಹೆಚ್ಚಿನದು ಟಾರ್ ರಸ್ತೆ. ಊರುಗಳ ಹತ್ತಿರ ಹೊಲಗಳ ನಡುವೆ ಬಂಡಿದಾರಿಗಳಿವೆ, ಗರಸಿನ ಅಭ್ಯಾಸಕ್ಕೆ ಅವೇ ಸಾಕು. ಊರಿನವರನ್ನು ಒಂದು ಮಾತು ಕೇಳಿ ಹೋಗಿ. ಡಿಸೆಂಬರ್, ಜನವರಿಯಲ್ಲಿ ರಸ್ತೆ ಮೇಲೇ ರಾಗಿ, ಹುರುಳಿ ಹರಡಿ ಒಕ್ಕಣೆ ಮಾಡಿರುತ್ತಾರೆ. ಹುರುಳಿ ಬಳ್ಳಿ ಹಿಂದಿನ ಗೇರಿಗೆ ಸುತ್ತಿಕೊಂಡರೆ, ಗೇರು ಬದಲಿಸುವ ಡಿರೈಲರ್ ಮುರಿದೇ ಹೋಗುತ್ತದೆ. ಇಳಿದು, ಸೈಕಲ್ ಎತ್ತಿಕೊಂಡು ಪಕ್ಕದಲ್ಲಿ ದಾಟಿ. ಅದು ಅವರ ವರ್ಷದ ಅನ್ನ ಅಲ್ವಾ. ಬೆಳಿಗ್ಗೆ ಏಳಕ್ಕೆ ಕನಕಪುರ ಬಿಟ್ಟರೆ ಒಂಬತ್ತರ ಹೊತ್ತಿಗೆ ಹೊಳೆ. ಹತ್ತೂವರೆಗೆ ಏರು. ಇದು ಒಂದು ದಿನದ ರೈಡ್. ನಿಮಗೆ ಸಲ್ಲುವುದು ಇದು.

ಎರಡು ದಿನವೇ ಬೇಕು ಅಂದರೆ ಸಂಗಮ ಬಿಡಿ. ಕನಕಪುರದಿಂದ ಸಾತನೂರು, ಹಲಗೂರು, ಮಳವಳ್ಳಿ ಮೇಲೆ ಶಿವನಸಮುದ್ರಕ್ಕೆ ಹೋಗಿ. ಗಗನಚುಕ್ಕಿ, ಭರಚುಕ್ಕಿ ಎರಡೂ ನೋಡಿ. 1902ರಲ್ಲಿ ಇಲ್ಲಿಂದಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಮಳವಳ್ಳಿ ಸುತ್ತಮುತ್ತ ಊರೊಳಗಿನ ಮಣ್ಣು ದಾರಿ, ಕೆರೆ ಏರಿ, ನಾಲೆ ಏರಿ ಬೇಕಾದಷ್ಟಿವೆ. ಸಮತಟ್ಟು, ನೆರಳು, ಪ್ರತಿ ಊರಲ್ಲೂ ನೀರು. ಅಪಾಯ ಒಂದೇ. ನಾಲೆ ಏರಿಗೆ ತಡೆಗೋಡೆ ಇರುವುದಿಲ್ಲ, ನಾಲೆಯ ಗೋಡೆ ಪಾಚಿಗಟ್ಟಿರುತ್ತದೆ, ಬಿದ್ದವರು ಹತ್ತಿ ಬರುವುದು ಕಷ್ಟ. ನೀರಿನಿಂದ ದೂರದ ಪಕ್ಕದಲ್ಲಿ, ಒಬ್ಬರ ಹಿಂದೆ ಒಬ್ಬರು ಹೋಗಿ. ಹಲಗೂರಿನಿಂದ ಮುತ್ತತ್ತಿಗೆ ಇಳಿಯುವ ರಸ್ತೆ ಚೆಂದವಿದೆ, ಆದರೆ ಕಾಡಿನ ನಡುವೆ ಹೋಗುತ್ತದೆ, ವಾಪಸ್ ಏರು ಉದ್ದ. ಮೊದಲ ಸಲಕ್ಕೆ ಬೇಡ.

ಗರಸು ರಸ್ತೆಯೇ ಮುಖ್ಯ, ಕಾವೇರಿಯೇ ಆಗಬೇಕೆಂದಿಲ್ಲ ಅಂದರೆ ಇನ್ನೂ ಹತ್ತಿರ ಒಂದು ದಾರಿ ಹೇಳುತ್ತೇನೆ. ನನಗೆ ತುಂಬಾ ಇಷ್ಟವಾದದ್ದು. ಸಂಗಮದಲ್ಲಿ ಕಾವೇರಿ ಸೇರುವ ಅರ್ಕಾವತಿ ಹುಟ್ಟುವುದು ನಂದಿಬೆಟ್ಟದಲ್ಲಿ. ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ಮಂಚನಬೆಲೆ, ರಾಮನಗರ, ಕನಕಪುರ, ಹಾರೋಬೆಲೆ ಹೀಗೆ ಇಳಿದು ಬರುತ್ತದೆ. ಈ ಹೊಳೆಯ ಒಂದೊಂದು ತುಂಡನ್ನು ಒಂದೊಂದು ಭಾನುವಾರ ತುಳಿಯಿರಿ. ಮಂಚನಬೆಲೆ, ಸಾವನದುರ್ಗ ಸುತ್ತ ಊರಿನ ದಾರಿಗಳಲ್ಲಿ ಏರು, ಇಳಿವು, ಗರಸು ಎಲ್ಲ ಸಿಗುತ್ತದೆ. ಸಾವನದುರ್ಗದ ಸುತ್ತಲೂ ಮೀಸಲು ಅರಣ್ಯವಿದೆ, ರಸ್ತೆ ಬಿಟ್ಟು ಒಳಗೆ ನುಗ್ಗಬೇಡಿ. ಸುಸ್ತಾದರೆ ಮಾಗಡಿಯ ಬಸ್ಸು ಹತ್ತಿರದಲ್ಲೇ ಇದೆ.

ನೀರು ಗಂಟೆಗೆ ಮುಕ್ಕಾಲು ಲೀಟರ್ ಲೆಕ್ಕದಲ್ಲಿ ಇಟ್ಟುಕೊಳ್ಳಿ. ಬರೀ ನೀರು ಸಾಲದು. ಓಆರ್‌ಎಸ್ ಅಥವಾ ಉಪ್ಪು ಹಾಕಿದ ಮಜ್ಜಿಗೆ ಬೇಕು. ಮಳೆ ಬಿದ್ದ ಮಾರನೇ ದಿನ ಹೊರಡಬೇಡಿ, ಕೆಂಪು ಮಣ್ಣು ಗಾಲಿಗೆ ಹಿಟ್ಟಿನ ಹಾಗೆ ಅಂಟುತ್ತದೆ. ಎರಡು ದಿನ ಬಿಸಿಲು ಬಿದ್ದರೆ ಅದೇ ದಾರಿ ಅದ್ಭುತವಾಗಿರುತ್ತದೆ.

ಮನೆಯವರು ಬೇಡ ಅನ್ನುವುದು ಸೈಕಲ್ಲಿಗಲ್ಲ, ಗೊತ್ತಿಲ್ಲದಿರುವಿಕೆಗೆ ಅಂತ ನನಗೆ ಅನ್ನಿಸುತ್ತದೆ. ಹೊರಡುವ ಹಿಂದಿನ ರಾತ್ರಿ ಒಂದು ಹಾಳೆಯಲ್ಲಿ ಬರೆದುಕೊಡಿ: ಯಾವ ದಾರಿ, ಎಷ್ಟು ಹೊತ್ತಿಗೆ ಯಾವ ಊರು, ಎಲ್ಲಿ ಸಿಗ್ನಲ್ ಇರುವುದಿಲ್ಲ, ಎಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ ಯಾರಿಗೆ ಹೇಳಬೇಕು. ಬರೆಯುವಾಗ ನಿಮಗೇ ಎಲ್ಲಾದರೂ ಪೆನ್ನು ನಿಂತರೆ, ಆ ಊರಿನವರೆಗೆ ಮಾತ್ರ ಹೋಗಿ ಬನ್ನಿ.